ಆ ಪ್ರಶ್ನೆ ನಿನ್ನ ಬಾಯಿಂದಲೇ ಬರಲಿ

ಸಹಾಯವಾಣಿಯಲ್ಲಿ ಕೂರುತ್ತೇನೆ ಅಂದೆಯಲ್ಲ ಮಗಳೇ, ಸಂತೋಷವಾಯಿತು. ತರಬೇತಿಯಲ್ಲಿ ನಮೂನೆ ಕೊಡುತ್ತಾರೆ, ಕೇಳಬೇಕಾದ ಪ್ರಶ್ನೆಗಳ ಪಟ್ಟಿ ಕೊಡುತ್ತಾರೆ. ಎಲ್ಲವನ್ನೂ ಶ್ರದ್ಧೆಯಿಂದ ಕಲಿ. ನಾನು ಹೇಳಬೇಕಾದದ್ದು ಒಂದೇ: ಸಾಯುವ ಯೋಚನೆ ಬಂದಿದೆಯಾ ಎಂದು ಕೇಳಲು ಹಿಂಜರಿಯಬೇಡ. ಅವರಾಗಿಯೇ ಹೇಳಲಿ ಎಂದು ಕಾಯಲೂ ಬೇಡ.

ಫೋನ್ ಮಾಡಿದವರೆಲ್ಲ ಮೊದಲ ಮಾತಿಗೇ ಮನಸ್ಸು ಬಿಚ್ಚುವುದಿಲ್ಲ. ಸಾಲ ಕೊಟ್ಟವರು ಬಾಗಿಲಿಗೆ ಬಂದದ್ದು, ಪಿಯುಸಿ ಫಲಿತಾಂಶ, ಗಂಡನ ಕುಡಿತ, ವಾಸಿಯಾಗದ ಬೆನ್ನುನೋವು, ಹೀಗೆ ಶುರುವಾಗುತ್ತದೆ. ಕೆಲವರು ‘ಸುಮ್ಮನೆ ಮಾಡಿದೆ’ ಎಂದು ಅಲ್ಲಿಗೇ ನಿಲ್ಲಿಸುತ್ತಾರೆ. ಬ್ರಯನ್ ಮಿಶಾರಾ ಮತ್ತು ಸಂಗಡಿಗರು ಅಮೆರಿಕದ 14 ಸಹಾಯವಾಣಿಗಳ 2,611 ಕರೆಗಳನ್ನು ಆಲಿಸಿ 2007ರಲ್ಲಿ ವರದಿ ಬರೆದರು. ಸಂಕಟದ ಕರೆಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟರಲ್ಲಿ ಆತ್ಮಹತ್ಯೆಯ ಪ್ರಶ್ನೆಯನ್ನೇ ಸಹಾಯಕರು ಎತ್ತಿರಲಿಲ್ಲ. ಅದೇ ವರ್ಷ ಜಾನ್ ಕಲಾಫಟ್ ತಂಡದವರು, ಬೇರೆ ತೊಂದರೆಗೆಂದು ಕರೆ ಮಾಡಿದ್ದವರನ್ನು ಮತ್ತೆ ಮಾತನಾಡಿಸಿ ನೋಡಿದರು. ಅವರಲ್ಲೂ ಕೆಲವರ ಮನಸ್ಸಿನಲ್ಲಿ ಸಾವಿನ ಯೋಚನೆ ಇತ್ತು. ಕರೆಯ ವಿಷಯ ಯಾವುದೆಂದು ನೋಡಿ ಅಪಾಯವನ್ನು ಅಳೆಯಲಾಗದು ಎಂದು ನಾನು ಹೇಳುವುದು ಇದಕ್ಕೇ.

ಕೇಳಿದರೆ ಇಲ್ಲದ ಯೋಚನೆಯನ್ನು ತಲೆಗೆ ತುಂಬಿದಂತಾಗುತ್ತದೇನೋ ಎಂಬ ಅಂಜಿಕೆ ನಿನಗೂ ಬರುತ್ತದೆ. ನ್ಯೂಯಾರ್ಕ್ ರಾಜ್ಯದ 2,342 ಹೈಸ್ಕೂಲ್ ಮಕ್ಕಳಲ್ಲಿ ಮೇಡಲಿನ್ ಗೂಲ್ಡ್ ಇದನ್ನೇ ಪರೀಕ್ಷಿಸಿ 2005ರಲ್ಲಿ ಪ್ರಕಟಿಸಿದರು. ಕೇಳಿದ್ದರಿಂದ ಯೋಚನೆ ಹೆಚ್ಚಲಿಲ್ಲ. ಖಿನ್ನತೆಯಿದ್ದ ಮಕ್ಕಳಲ್ಲಿ ತಳಮಳ, ಹಿಂದೊಮ್ಮೆ ಪ್ರಯತ್ನಿಸಿದ್ದವರಲ್ಲಿ ಸಾಯುವ ಯೋಚನೆ ಕಡಿಮೆಯೇ ಕಂಡಿತು.

ಕೇಳುವ ರೀತಿ ಮಾತ್ರ ನೋಡಿಕೋ. ‘ಅಂಥದ್ದೇನೂ ಯೋಚನೆ ಇಲ್ಲ ಅಲ್ವಾ?’ ಎಂದರೆ ‘ಇಲ್ಲ’ ಎಂಬ ಉತ್ತರವನ್ನು ನೀನೇ ಅವರ ಬಾಯಿಗಿಟ್ಟ ಹಾಗೆ. ‘ಇಷ್ಟು ನೋವಿನಲ್ಲಿ ಪ್ರಾಣ ಕಳೆದುಕೊಳ್ಳಬೇಕು ಅಂತ ಅನ್ನಿಸಿದೆಯಾ?’ ಎಂದು ಕೇಳು, ಕೇಳಿ ಸುಮ್ಮನಿರು. ಹೌದು ಎಂದರೆ ಗಾಬರಿಯಾಗಬೇಡ, ಮುಂದಕ್ಕೆ ಕೇಳು. ಇವತ್ತೇ ಅನ್ನಿಸಿದೆಯಾ? ಹೇಗೆಂದು ಯೋಚಿಸಿದ್ದೀರಾ, ಅದು ಕೈಗೆಟುಕುವಲ್ಲಿ ಇದೆಯಾ? ಹಿಂದೆ ಪ್ರಯತ್ನ ಮಾಡಿದ್ದಿರಾ? ಕುಡಿದಿದ್ದೀರಾ? ಜೊತೆಯಲ್ಲಿ ಯಾರಿದ್ದಾರೆ? ‘ನಾನಿದ್ದು ಎಲ್ಲರಿಗೂ ಭಾರ’, ‘ಮಲಗಿದವಳು ಏಳದಿದ್ದರೆ ಸಾಕಿತ್ತು’ ಎಂಬ ಮಾತು ಬಂದರೆ ಅದನ್ನು ದಾಟಿಕೊಂಡು ಹೋಗಬೇಡ. ಅಳುವವರಿಗೆ ಅಪಾಯ ಹೆಚ್ಚು, ತಣ್ಣಗೆ ಮಾತಾಡುವವರಿಗೆ ಕಡಿಮೆ ಎಂದೂ ತಿಳಿಯಬೇಡ. ಯಾರು ಏನು ಮಾಡಿಕೊಳ್ಳುತ್ತಾರೆಂದು ಖಚಿತವಾಗಿ ಹೇಳುವ ಅಳತೆಗೋಲು ಯಾವ ವೈದ್ಯರ ಬಳಿಯೂ ಇಲ್ಲ. ಮನಸ್ಸು ಗಂಟೆಗೊಂದು ರೀತಿ ಇರುತ್ತದೆ, ಫೋನ್ ಇಡುವ ಮುಂಚೆ ಮತ್ತೊಮ್ಮೆ ಕೇಳು.

ಉಪದೇಶಕ್ಕೆ ಹೊರಡಬೇಡ ತಾಯಿ. ‘ಹೆಂಡತಿ ಮಕ್ಕಳ ಮುಖ ನೋಡಿ ಧೈರ್ಯ ತಂದುಕೊಳ್ಳಿ’ ಎನ್ನುತ್ತೇವೆ. ಅವರಿಗೇ ತಾನು ಹೊರೆ ಎಂದುಕೊಂಡು ಒಳಗೊಳಗೇ ಬೇಯುತ್ತಿರುವವನಿಗೆ ಆ ಮಾತು ಇನ್ನೊಂದು ಪೆಟ್ಟು. ಹಾಗೆಂದು ಬರೀ ಹೂಂಗುಟ್ಟುತ್ತ ಕೂತರೂ ಸಾಲದು. ಸಹಾನುಭೂತಿ, ಗೌರವ, ಇಬ್ಬರೂ ಸೇರಿ ದಾರಿ ಹುಡುಕುವುದು, ಇವಿದ್ದ ಕರೆಗಳೇ ಚೆನ್ನಾಗಿ ಮುಗಿದವೆಂದು ಮಿಶಾರಾ ತಂಡಕ್ಕೂ ಕಂಡದ್ದು. ಈ ರಾತ್ರಿ ಪಕ್ಕದಲ್ಲಿ ಯಾರಿರಬಹುದು, ಅಪಾಯದ ವಸ್ತುವನ್ನು ಯಾರ ಮನೆಗೆ ಸಾಗಿಸಬಹುದು, ಬೆಳಿಗ್ಗೆ ಯಾವ ಆಸ್ಪತ್ರೆಗೆ ಹೋಗಬಹುದು ಎಂದು ಒಟ್ಟಿಗೆ ಗೊತ್ತುಮಾಡಿಕೊಳ್ಳಿ. ಪೊಲೀಸ್ ಕೇಸಾಗುತ್ತದೆಂದು ಹೆದರುವವರಿಗೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಸೆಕ್ಷನ್ ಬಗ್ಗೆ ತಿಳಿಸು. ಪ್ರಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಅದು ಭಾವಿಸುತ್ತದೆ. ಆರೈಕೆ ಕೊಡುವ ಹೊಣೆಯನ್ನು ಸರ್ಕಾರಕ್ಕೆ ಹೊರಿಸುತ್ತದೆ. ಆ ಕ್ಷಣವೇ ಪ್ರಾಣಾಪಾಯವಿದೆ ಎನಿಸಿದರೆ ಗುಟ್ಟು ಕಾಯುವ ಮಾತು ಬದಿಗಿರಲಿ. ಪಾಳಿಯ ಹಿರಿಯರನ್ನು ಕರೆ, ತುರ್ತು ಸಂಖ್ಯೆ 112ಕ್ಕೆ ತಿಳಿಸು.

ಒಂದು ಕರೆಯಿಂದ ಏನಾದೀತು ಎಂದು ಕೈಚೆಲ್ಲಬೇಡ. ಅಮೆರಿಕದಲ್ಲಿ ಹೀಗೆ ಕರೆ ಮಾಡಿದ 1,085 ಮಂದಿಯನ್ನು ಗೂಲ್ಡ್ ತಂಡ ಗಮನಿಸಿದಾಗ, ಮಾತು ಮುಗಿಯುವಷ್ಟರಲ್ಲೇ ಸಾಯುವ ಹಟ ಸಡಿಲಾಗಿತ್ತು. ಆದರೆ ಅದು ಮರಳಿ ಬರಬಹುದು, ಅದಕ್ಕೇ ಮತ್ತೆ ಫೋನ್ ಮಾಡಿ ವಿಚಾರಿಸುವುದು. ನಮ್ಮ ಪಕ್ಕದ ಚೆನ್ನೈಯೂ ಸೇರಿ ಐದು ಊರುಗಳಲ್ಲಿ, ಆತ್ಮಹತ್ಯೆಗೆ ಯತ್ನಿಸಿ ಉಳಿದ 1,867 ಮಂದಿಯ ಮೇಲೆ ವಿಶ್ವ ಆರೋಗ್ಯ ಸಂಸ್ಥೆ ಅಧ್ಯಯನ ಮಾಡಿಸಿತ್ತು. ಒಮ್ಮೆ ಕೂತು ತಿಳಿಹೇಳಿ, ಆಮೇಲೆ 18 ತಿಂಗಳು ಫೋನಿನಲ್ಲೋ ಮನೆಗೆ ಹೋಗಿಯೋ ವಿಚಾರಿಸಿಕೊಂಡವರಲ್ಲಿ ಆತ್ಮಹತ್ಯೆ ತೀರಾ ಕಡಿಮೆಯಾಗಿತ್ತು. ‘ಹೇಗಿದ್ದೀರಿ, ಊಟ ಆಯ್ತಾ?’ ಎಂಬ ಮಾತಿಗೆ ಅಷ್ಟು ಬೆಲೆಯಿದೆ.

ನಿಮ್ಮ ಕೇಂದ್ರ ಮುಚ್ಚಿರುವ ಹೊತ್ತಿಗೆಂದು ಟೆಲಿ ಮಾನಸ್‌ನ 14416 ಸಹಾಯವಾಣಿ ಸಂಖ್ಯೆಯನ್ನು ಕರೆ ಮಾಡಿದವರಿಗೆ ಬರೆದುಕೊಳ್ಳಲು ಹೇಳು. ಹಗಲೂ ರಾತ್ರಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಭಾರವಾದ ಕರೆ ಮುಗಿದ ಕೂಡಲೇ ಇನ್ನೊಂದನ್ನು ಎತ್ತಬೇಡ. ಪಾಳಿಯಲ್ಲಿರುವ ಹಿರಿಯರೊಡನೆ ಕೂತು ಹೇಳಿಕೊಂಡ ಮೇಲೆ ಮನೆಗೆ ಹೊರಡು. ಮನೆಗೆ ಬಂದರೂ ಆ ಧ್ವನಿ ಬಿಡದೆ ಕಾಡಿದರೆ ನನಗೆ ಫೋನ್ ಮಾಡು, ಎಷ್ಟು ಹೊತ್ತಾಗಿದ್ದರೂ ಪರವಾಗಿಲ್ಲ. ನಾನು ಸಿಗದಿದ್ದರೆ ಅದೇ 14416 ನಿನಗೂ ಇದೆ.