ನ್ಯಾನೋ ಖನಿಜ: ಕೋಳಿ ಫಾರಂಗಳಲ್ಲಿ ಕಲಿತ ಪಾಠಗಳು

ಮೈಸೂರಿನ ವಿಜಯನಗರದಲ್ಲಿ ಕುಳಿತು ಹುಣಸೂರು ರಸ್ತೆಯ ಆಚೀಚೆಯ ಕೋಳಿ ಫಾರಂಗಳಿಗೆ ಆಹಾರದ ಲೆಕ್ಕ ಹಾಕಿಕೊಡುವುದು ನನ್ನ ಕೆಲಸ. ಫೆಬ್ರವರಿ ಕಳೆಯಿತೆಂದರೆ ಎಲ್ಲರದೂ ಒಂದೇ ಪ್ರಶ್ನೆ: "ಸಾರ್, ನ್ಯಾನೋ ಸೆಲೆನಿಯಂ, ನ್ಯಾನೋ ಜಿಂಕ್ ಹಾಕಬಹುದಾ?" ನ್ಯಾನೋ ಎಂದರೆ ತೀರಾ ಸಣ್ಣ ಕಣಗಳ ಪುಡಿ, ಜಿಂಕ್ ಎಂದರೆ ಸತು. ಅವರಿಗೆ ನಾನು ಹೇಳುವ ಪಾಠಗಳು ಇವು.

1. ಮೊದಲು ತೌಡನ್ನು ಮೂಸಿ ನೋಡಿ. ನಮ್ಮ ಭಾಗದ ಅಕ್ಕಿ ಗಿರಣಿಗಳಲ್ಲಿ ಹಸಿ ತೌಡು ಸಲೀಸಾಗಿ ಸಿಗುತ್ತದೆ, ಅದರ ಎಣ್ಣೆಯಂಶ ಕೆಲವೇ ದಿನಗಳಲ್ಲಿ ಕಮಟುತ್ತದೆ. ಕಮಟು ತೌಡು ತಿಂದ ಕೋಳಿಯ ವಿಟಮಿನ್ ಇ ಅದರ ವಿಷ ಕಳೆಯುವುದರಲ್ಲೇ ಖರ್ಚಾಗುತ್ತದೆ. ಅಂಥ ಫಾರಂಗೆ ನಾನು ಯಾವ ನ್ಯಾನೋ ಪುಡಿಯನ್ನೂ ಬರೆದುಕೊಡುವುದಿಲ್ಲ.

2. ಖನಿಜ ತಾನಾಗಿ ಕೋಳಿಯನ್ನು ಕಾಯುವುದಿಲ್ಲ, ಕಿಣ್ವದೊಳಗೆ ಸೇರಿ ಕಾಯುತ್ತದೆ. ಗ್ಲುಟಾಥಯೋನ್ ಪೆರಾಕ್ಸಿಡೇಸ್ ಕಿಣ್ವದಲ್ಲಿ ಸೆಲೆನಿಯಂ ಇದೆಯೆಂದು ತಿಳಿದದ್ದು 1973ರಲ್ಲಿ. ಸೂಪರ್‌ಆಕ್ಸೈಡ್ ಡಿಸ್ಮ್ಯುಟೇಸ್‌ಗೆ ತಾಮ್ರ, ಸತು, ಮ್ಯಾಂಗನೀಸ್ ಬೇಕು. ಕೋಳಿಗೆ ಬೆವರಿನ ಗ್ರಂಥಿಗಳಿಲ್ಲ. ಸೆಕೆಯಲ್ಲಿ ಬಾಯಿ ತೆರೆದು ಏದುಸಿರು ಬಿಡುವಾಗ ಜೀವಕೋಶಗಳಲ್ಲಿ ಆಕ್ಸಿಡೀಕರಣದ ಹಾನಿ ಹೆಚ್ಚುತ್ತದೆ, ಅದನ್ನು ತಡೆಯುವ ಈ ಕಿಣ್ವಗಳ ಮೇಲೆ ಹೊರೆ ಬೀಳುತ್ತದೆ. ಹಾಗಾಗಿ ಬೇಸಿಗೆಯಲ್ಲಿ ಕೇಳುವ ಪ್ರಶ್ನೆ ಸರಿಯಾದದ್ದೇ.

3. ಸೆಲೆನಿಯಂ ಅನ್ನು ಗ್ರಾಂ ಲೆಕ್ಕದಲ್ಲಿ ತೂಗಿ. ಈ ಪಾಠವನ್ನು ನಾನು ಎಷ್ಟು ಸಲ ಹೇಳಿದರೂ ಸಾಲದು. ಒಂದು ಕಿಲೋ ಆಹಾರಕ್ಕೆ 0.3 ಮಿಲಿಗ್ರಾಂ ಎಂದರೆ ಒಂದು ಟನ್ನಿಗೆ 0.3 ಗ್ರಾಂ. ಪುಡಿಯಲ್ಲಿ ಶೇ. 1 ಸೆಲೆನಿಯಂ ಇದ್ದರೆ ಟನ್ನಿಗೆ 30 ಗ್ರಾಂ ಪುಡಿ ಸಾಕು. ಅದೇ ಪುಡಿ ಅರ್ಧ ಕಿಲೋ ಬಿದ್ದರೆ ಕಿಲೋಗೆ 5 ಮಿಲಿಗ್ರಾಂ ಆಯಿತು, ಮೊಟ್ಟೆ ಮರಿಯಾಗುವುದು ಕುಸಿಯುವ ಮಟ್ಟ ಅದು. ನಿಮ್ಮ ವಿಟಮಿನ್-ಖನಿಜ ಪ್ರೀಮಿಕ್ಸ್‌ನಲ್ಲಿ ಆಗಲೇ ಇರುವ ಸೆಲೆನಿಯಂ ಅನ್ನೂ ಈ ಲೆಕ್ಕಕ್ಕೆ ಸೇರಿಸಬೇಕು. ಪುಡಿಯನ್ನು ಮೊದಲು ಒಂದು ಕಿಲೋ ಮೆಕ್ಕೆಜೋಳದ ಹಿಟ್ಟಿಗೆ, ಅದನ್ನು ಹತ್ತಿಪ್ಪತ್ತು ಕಿಲೋಗೆ, ಆಮೇಲಷ್ಟೇ ಮಿಕ್ಸರ್‌ಗೆ ಹಾಕಿ. ನೇರವಾಗಿ ಸುರಿದರೆ ಒಂದು ಚೀಲದಲ್ಲಿ ವಿಷ, ಇನ್ನೊಂದರಲ್ಲಿ ಏನೂ ಇರುವುದಿಲ್ಲ. ತೂಗುವವರಿಗೆ ಮಾಸ್ಕ್, ಕೈಗವಸು ಕೊಡಿ. ಇಷ್ಟು ಸಣ್ಣ ಕಣ ಉಸಿರಿನೊಂದಿಗೆ ಶ್ವಾಸಕೋಶದ ಆಳಕ್ಕೆ ಹೋಗುತ್ತದೆ.

4. ಸತುವಿನ ವಿಷಯದಲ್ಲಿ ನಾನು ಅಷ್ಟು ಉತ್ಸಾಹಿಯಲ್ಲ. ಮೆಕ್ಕೆಜೋಳ, ಸೋಯಾ ಹಿಂಡಿಯ ಫೈಟೇಟ್ ಸತುವನ್ನು ಕಟ್ಟಿಹಾಕುತ್ತದೆ, ನಿಜ. ಆದರೆ ಫೈಟೇಸ್ ಕಿಣ್ವ ಹಾಕಿದರೆ ಆ ಸತು ಬಿಡುಗಡೆಯಾಗುತ್ತದೆ. ಬೆಂಗಳೂರಿನ ಆಡುಗೋಡಿಯಲ್ಲಿರುವ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ಸಂಸ್ಥೆಯ ವಿಜ್ಞಾನಿಗಳು ನ್ಯಾನೋ ಸತುವಿನ ಬಗ್ಗೆ 2016ರಲ್ಲೇ ವಿವರವಾಗಿ ಬರೆದಿದ್ದಾರೆ. ನ್ಯಾನೋ ಸತುವಿನ ಮೇಲಿರುವ ಮುಖ್ಯ ಆಸೆ ಕಡಿಮೆ ಪ್ರಮಾಣದಲ್ಲೇ ಕೆಲಸ ಆಗಬೇಕೆಂಬುದು. ಮಾಮೂಲಿ ಸತುವಿನ ಮೇಲೆ ನ್ಯಾನೋ ಸತುವನ್ನೂ ಸುರಿದರೆ ಉಳಿಕೆ ಹಿಕ್ಕೆಗೆ, ಹಿಕ್ಕೆ ಗೊಬ್ಬರವಾಗಿ ಶುಂಠಿ ಹೊಲದ ಮಣ್ಣಿಗೆ ಹೋಗುತ್ತದೆ.

5. 'ನ್ಯಾನೋ' ಎಂದು ಡಬ್ಬಿಯ ಮೇಲೆ ಬರೆದರೆ ಸಾಲದು. ಕಣ 100 ನ್ಯಾನೋಮೀಟರ್‌ಗಿಂತ ಚಿಕ್ಕದಿದೆಯೇ, ಸೆಲೆನಿಯಂ ಶೇಕಡಾ ಎಷ್ಟು ಎಂಬ ಪರೀಕ್ಷಾ ವರದಿಯನ್ನು ಆ ಬ್ಯಾಚ್ ಸಂಖ್ಯೆಯ ಸಮೇತ ಕೇಳಿ.

6. ಒಂದೇ ದಿನ ಬಂದ ಮರಿಗಳನ್ನು ಎರಡು ಶೆಡ್‌ಗೆ ಹಂಚಿ, ಒಂದಕ್ಕೆ ಮಾತ್ರ ನ್ಯಾನೋ ಪುಡಿ ಹಾಕಿ ನೋಡಿ. ತಿಂದ ಆಹಾರ, ಬಂದ ತೂಕ, ಸತ್ತ ಕೋಳಿ ಎಲ್ಲವನ್ನೂ ಬರೆದಿಡಿ. ವ್ಯತ್ಯಾಸ ಕಾಣದಿದ್ದರೆ ಆ ದುಡ್ಡನ್ನು ಫ್ಯಾನು, ಫಾಗರ್, ತಣ್ಣನೆಯ ನೀರಿಗೆ ಹಾಕಿ.