ಮನೆಯ ಕಾವುಪೆಟ್ಟಿಗೆಯಲ್ಲಿ ಕೋಳಿಮರಿ ಮಾಡಿಸುವ ಕ್ರಮ

ನಂಜನಗೂಡು, ತಿ. ನರಸೀಪುರ ತಾಲ್ಲೂಕುಗಳ ಹಳ್ಳಿಗಳಲ್ಲಿ ನಾಟಿಕೋಳಿಯಿಂದ ಬರುವ ಹಣವು ಸಾಮಾನ್ಯವಾಗಿ ಹೆಂಗಸರ ಕೈಯ ಹಣ. ಉಪ್ಪು, ಎಣ್ಣೆ, ಮಕ್ಕಳ ಪುಸ್ತಕ ಮುಂತಾದ ಸಣ್ಣ ಖರ್ಚುಗಳು ಇದರಿಂದಲೇ ನಡೆಯುತ್ತವೆ. ಆದರೆ ನಾಟಿ ಹೇಂಟೆಯು ಒಂದು ಸರದಿಗೆ ೧೨ ರಿಂದ ೧೫ ಮೊಟ್ಟೆಗಳನ್ನಿಟ್ಟು, ೨೧ ದಿವಸ ಕಾವು ಕೂತು, ಆಮೇಲೆ ಸುಮಾರು ಎರಡು ತಿಂಗಳು ಮರಿಗಳೊಡನೆ ತಿರುಗುತ್ತದೆ. ಅಷ್ಟು ಕಾಲವೂ ಮೊಟ್ಟೆಯಿಲ್ಲ. ವರ್ಷಕ್ಕೆ ೪೦ ರಿಂದ ೬೦ ಮೊಟ್ಟೆಗಳಿಗಿಂತ ಹೆಚ್ಚು ಸಿಕ್ಕದಿರುವುದಕ್ಕೆ ಇದೊಂದು ಮುಖ್ಯ ಕಾರಣ. ಕಾವಿನ ಕೆಲಸವನ್ನು ಪೆಟ್ಟಿಗೆಗೆ ವಹಿಸಿದರೆ, ಹೇಂಟೆಯು ಎರಡು ಮೂರು ವಾರಗಳಲ್ಲಿಯೇ ಪುನಃ ಮೊಟ್ಟೆಯಿಡಲು ತೊಡಗುವುದು.

ಇಂಥ ಪೆಟ್ಟಿಗೆಯು ಊರಿಗೊಂದಿದ್ದರೆ ಸಾಕು. ಹೆಮ್ಮಿಗೆಯಂಥ ಗ್ರಾಮದಲ್ಲಿ ಅದನ್ನಿಡಲು ಅನುಕೂಲವುಳ್ಳವರು ಊರ ಹಿರಿಯರೂ ಜಮೀನುದಾರರೂ ಆಗಿರುವುದರಿಂದ ಈ ಲೇಖನವನ್ನು ಅವರಿಗಾಗಿಯೇ ಬರೆದಿದೆ. ಆದರೆ ಮೊದಲೇ ಒಂದು ಮಾತು: ಪೆಟ್ಟಿಗೆ ಮಾಡುವುದು ಸುಲಭ, ಕಾಯುವುದು ಕಷ್ಟ.

ನನ್ನ ಮೊದಲನೆಯ ಅನುಭವ

ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನು ನಾಲ್ಕು ಮನೆಗಳಿಂದ ೪೦ ಮೊಟ್ಟೆಗಳನ್ನು ಕೇಳಿ ತಂದು ಪೆಟ್ಟಿಗೆಯಲ್ಲಿಟ್ಟೆನು. ಇಪ್ಪತ್ತೊಂದನೆಯ ದಿವಸ ಹೊರಬಂದ ಮರಿಗಳು ಮೂರೇ. ಮಿಕ್ಕವನ್ನು ಒಡೆದು ನೋಡಲಾಗಿ, ಬಹುಪಾಲು ಮರಿಗಳು ಚಿಪ್ಪಿನೊಳಗೇ ಸತ್ತಿದ್ದುವು. ವಿಚಾರಿಸಿದಾಗ ನನ್ನ ತಾಪಮಾಪಕವು ನಿಜವಾದ ಶಾಖಕ್ಕಿಂತ ೩ ಡಿಗ್ರಿ ಕಡಮೆಯಾಗಿ ತೋರಿಸುತ್ತಿದ್ದುದು ಗೊತ್ತಾಯಿತು. ಮೊಟ್ಟೆಯ ಬೆಲೆಯನ್ನು ಕೊಡಹೋದಾಗ ಒಬ್ಬ ಮುದುಕಿ ಹಣವನ್ನು ಮುಟ್ಟದೆ, “ನಮ್ ಕೋಳೀಗೆ ಗೊತ್ತಿತ್ತು ಸ್ವಾಮಿ, ನಿಮ್ ಪೆಟ್ಗೇಗೆ ಗೊತ್ತಾಗ್ನಿಲ್ಲ” ಎಂದಳು. ಕೋಳಿಗೆ ಗೊತ್ತಿರುವುದು ನಾಲ್ಕು ವಿಷಯಗಳು: ಶಾಖ, ತೇವ, ಹೊರಳಿಕೆ, ಗಾಳಿ. ಈ ನಾಲ್ಕನ್ನೂ ನಾವು ಕಲಿತಲ್ಲದೆ ಪರರ ಮೊಟ್ಟೆಗೆ ಕೈಹಾಕಕೂಡದು.

ಪೆಟ್ಟಿಗೆ

ಎರಡು ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂಕಾಲು ಅಡಿ ಎತ್ತರದ ಮರದ ಪೆಟ್ಟಿಗೆಯು ೪೦ ಮೊಟ್ಟೆಗಳಿಗೆ ಸಾಕು. ಒಳಗೆ ಥರ್ಮೋಕೋಲ್ ಹಲಗೆಯನ್ನು ಹೊದಿಸತಕ್ಕದ್ದು. ಮುಚ್ಚಳದಲ್ಲಿ ಒಂದು ಗಾಜಿನ ಕಿಂಡಿಯಿರಲಿ. ಶಾಖಕ್ಕೆ ೪೦ ವಾಟಿನ ಎರಡು ಬಲ್ಬುಗಳನ್ನು ಹಾಕಬೇಕು. ಒಂದು ಸುಟ್ಟುಹೋದರೆ ಇನ್ನೊಂದು ಕಾಪಾಡುವುದು. ಇವು ಒಳಗೆ ತಂತಿ ಕಾದು ಉರಿಯುವ ಹಳೆಯ ಬಗೆಯ ಬಲ್ಬುಗಳಾಗಿರಬೇಕು. ಈಗ ಎಲ್ಲೆಡೆಯೂ ಇರುವ ಎಲ್‌ಇಡಿ ದೀಪವು ಬೆಳಕು ಕೊಡುವುದೇ ಹೊರತು ಕಾವಿಗೆ ಬೇಕಾದಷ್ಟು ಶಾಖವನ್ನು ಕೊಡಲಾರದು. ಬಲ್ಬಿಗೂ ಮೊಟ್ಟೆಗಳಿಗೂ ನಡುವೆ ತಗಡಿನ ಮರೆಯಿರಲಿ. ಬಲ್ಬು ಥರ್ಮೋಕೋಲಿಗೆ ತಗಲಕೂಡದು. ಹುಲ್ಲು, ಹೊಟ್ಟು ಹತ್ತಿರ ಇರಕೂಡದು. ಶಾಖವು ಮಿತಿಮೀರದಂತೆ ಬಲ್ಬುಗಳನ್ನು ಥರ್ಮೋಸ್ಟಾಟಿನ ಮೂಲಕ ನಡೆಸುವುದು ಅವಶ್ಯ. ಪಕ್ಕಗಳಲ್ಲಿ ಕೆಳಗೆ ಎರಡು, ಮೇಲೆ ಎರಡು, ಅರ್ಧ ಅಂಗುಲದ ಗಾಳಿಯ ತೂತುಗಳಿರಬೇಕು.

ಶಾಖ

ಪೆಟ್ಟಿಗೆಯೊಳಗೆ ಸಣ್ಣ ಫ್ಯಾನಿದ್ದರೆ ೯೯½ ರಿಂದ ೧೦೦ ಡಿಗ್ರಿ ಫ್ಯಾರನ್‌ಹೀಟ್ ಶಾಖವಿರಬೇಕು. ಫ್ಯಾನಿಲ್ಲದಿದ್ದರೆ ಮೊಟ್ಟೆಗಳ ಮೇಲ್ಮೈಯ ಮಟ್ಟದಲ್ಲಿ ೧೦೧ ರಿಂದ ೧೦೨ ಡಿಗ್ರಿ. ಸ್ವಲ್ಪ ಹೊತ್ತಿನ ತಂಪನ್ನು ಭ್ರೂಣವು ತಾಳಬಹುದು; ಹೆಚ್ಚಿನ ಶಾಖವನ್ನು ತಾಳಲಾರದು. ತಾಪಮಾಪಕವನ್ನು ಪರೀಕ್ಷಿಸುವುದು ಹೀಗೆ: ೧೦೦ ಡಿಗ್ರಿಗೆ ಸಮೀಪವಾದ ಉಗುರುಬೆಚ್ಚನೆಯ ನೀರಿನಲ್ಲಿ ಅದನ್ನೂ ಜ್ವರ ನೋಡುವ ಮಾಪಕವನ್ನೂ ಜೊತೆಯಾಗಿ ಅದ್ದಿ, ಎರಡರ ಅಂತರವನ್ನು ಬರೆದಿಟ್ಟುಕೊಳ್ಳುವುದು. ಈ ಐದು ನಿಮಿಷದ ಕೆಲಸವನ್ನು ನಾನು ಅಂದು ಮಾಡಿರಲಿಲ್ಲ. ಮೊಟ್ಟೆಯಿಡುವುದಕ್ಕೆ ಮುಂಚೆ ಖಾಲಿ ಪೆಟ್ಟಿಗೆಯನ್ನು ಒಂದು ಹಗಲು ಒಂದು ರಾತ್ರಿ ನಡೆಸಿ ನೋಡತಕ್ಕದ್ದು. ಕರೆಂಟು ಹೋದಾಗ ಮುಚ್ಚಳವನ್ನು ತೆರೆಯದೆ ಪೆಟ್ಟಿಗೆಯ ಮೇಲೆ ಕಂಬಳಿ ಹೊದಿಸುವುದು. ಬಹಳ ಹೊತ್ತಾದರೆ ಬಿಸಿನೀರಿನ ಸೀಸೆಗಳನ್ನು ಬಟ್ಟೆಯಲ್ಲಿ ಸುತ್ತಿ ಒಳಗಿಡುವುದು. ಆಗಲೂ ಗಾಳಿಯ ತೂತುಗಳು ಪೂರ್ತಿ ಮುಚ್ಚಿಹೋಗಬಾರದು.

ಮೊಟ್ಟೆ, ಹೊರಳಿಕೆ, ತೇವ

ಎಂಟು ಹತ್ತು ಹೇಂಟೆಗಳಿಗೆ ಒಂದು ಹುಂಜವಿರುವ ಮನೆಯ ಮೊಟ್ಟೆಯನ್ನೇ ಆರಿಸಬೇಕು. ಏಳು ದಿವಸಕ್ಕಿಂತ ಹಳೆಯದು, ಬಿರುಕುಬಿಟ್ಟದ್ದು, ಬಹಳ ಕೊಳಕಾದದ್ದು ಬೇಡ, ತೊಳೆಯಲೂ ಕೂಡದು. ಬೆಂಗಳೂರಿನ ಹೆಬ್ಬಾಳದಲ್ಲಿ ರೂಪುಗೊಂಡ ಗಿರಿರಾಜ ಕೋಳಿಯು ಮಿಶ್ರತಳಿಯಾದ್ದರಿಂದ ಅದರ ಮೊಟ್ಟೆಯ ಮರಿಗಳಲ್ಲಿ ತಾಯಿಯ ಗುಣಗಳೆಲ್ಲ ನಿಲ್ಲುವುದಿಲ್ಲ. ಮನೆಯಲ್ಲಿ ಮರಿ ಮಾಡಿಸಲು ನಾಟಿಮೊಟ್ಟೆಯೇ ಯೋಗ್ಯ.

ಮೊಟ್ಟೆಯ ಒಂದು ಮೈಗೆ ಗುಣಾಕಾರದ ಗುರುತನ್ನೂ ಇನ್ನೊಂದು ಮೈಗೆ ಸೊನ್ನೆಯನ್ನೂ ಪೆನ್ಸಿಲಿನಿಂದ ಬರೆದು, ದಿನಕ್ಕೆ ೩ ಅಥವಾ ೫ ಸಲ ಹೊರಳಿಸಬೇಕು. ಬೆಸಸಂಖ್ಯೆಯಾದರೆ ಪ್ರತಿರಾತ್ರಿಯೂ ಬೇರೆ ಮೈ ಮೇಲಿರುವುದು. ಹೊರಳಿಸದಿದ್ದರೆ ಭ್ರೂಣವು ಚಿಪ್ಪಿನ ಒಳಪೊರೆಗೆ ಅಂಟಿಕೊಂಡು ಸಾಯುವುದು. ಏಳನೆಯ ರಾತ್ರಿ ಕತ್ತಲೆಯಲ್ಲಿ ಟಾರ್ಚಿನ ಬೆಳಕಿಗೆ ಹಿಡಿದರೆ, ಕಟ್ಟಿದ ಮೊಟ್ಟೆಯಲ್ಲಿ ಜೇಡನ ಕಾಲುಗಳಂತೆ ರಕ್ತನಾಳಗಳು ಕಾಣುವುವು, ತಿಳಿಯಾಗಿರುವವನ್ನು ತೆಗೆದುಬಿಡಬೇಕು.

ತೇವಕ್ಕೆ ಅಗಲವಾದ ತಟ್ಟೆಯಲ್ಲಿ ನೀರಿಡುವುದು. ಮೊದಲ ೧೮ ದಿವಸ ಒಳಗಿನ ಆರ್ದ್ರತೆಯು ಶೇಕಡ ೫೦ ರಿಂದ ೫೫ ಇರಬೇಕು. ಕಡೆಯ ಮೂರು ದಿವಸ ಶೇಕಡ ೬೫ ರಿಂದ ೭೦. ಇದನ್ನಳೆಯುವ ಮಾಪಕವು ಅಗ್ಗವಾಗಿ ದೊರೆಯುತ್ತದೆ. ೧೮ನೆಯ ದಿವಸದಿಂದ ಹೊರಳಿಸುವುದನ್ನು ನಿಲ್ಲಿಸಿ, ಇನ್ನೊಂದು ತಟ್ಟೆ ನೀರಿಟ್ಟು, ಗಾಳಿಯ ತೂತುಗಳನ್ನೆಲ್ಲ ತೆರೆದು, ಮುಚ್ಚಳವನ್ನು ಮುಚ್ಚಿಯೇ ಇಡಬೇಕು. ಮರಿಯು ಚಿಪ್ಪನ್ನೊಡೆಯುವುದು ತಡವಾಯಿತೆಂದು ಉಗುರಿನಿಂದ ಬಿಡಿಸಹೋಗುವುದು ದೊಡ್ಡ ತಪ್ಪು; ರಕ್ತ ಸೋರಿ ಮರಿ ಸಾಯಬಹುದು. ಹೊರಬಂದ ಮರಿಯ ಹೊಟ್ಟೆಯಲ್ಲಿ ಹಳದಿ ಭಾಗವು ಉಳಿದಿರುವುದರಿಂದ ಅದು ಒಂದು ದಿವಸ ಆಹಾರವಿಲ್ಲದೆ ಇರಬಲ್ಲುದು.

ಆಮೇಲಿನ ರಕ್ಷಣೆ

ಪೆಟ್ಟಿಗೆಯ ಮರಿಗೆ ತಾಯಿಯ ರೆಕ್ಕೆಯಿಲ್ಲ. ಮೊದಲ ವಾರ ೯೫ ಡಿಗ್ರಿ ಶಾಖ ಕೊಟ್ಟು, ವಾರಕ್ಕೆ ೫ ಡಿಗ್ರಿಯಂತೆ ಇಳಿಸಬೇಕು. ಐದರಿಂದ ಏಳನೆಯ ದಿವಸದೊಳಗೆ ಕೊಕ್ಕರೆ ರೋಗದ ಲಸಿಕೆಯನ್ನು ಕಣ್ಣಿಗೋ ಮೂಗಿಗೋ ಒಂದು ಹನಿ ಹಾಕಿಸುವುದು ಕಡ್ಡಾಯ. ಇದಕ್ಕೆ ಸಮೀಪದ ಪಶು ಆಸ್ಪತ್ರೆಯಲ್ಲಿ ಮೊದಲೇ ವಿಚಾರಿಸಿಕೊಳ್ಳಬೇಕು. ಸಾಕಣೆಯ ವಿಷಯವಾಗಿ ಸಂದೇಹಗಳಿದ್ದರೆ ನಂಜನಗೂಡು ತಾಲ್ಲೂಕು ಸುತ್ತೂರಿನ ಕೃಷಿ ವಿಜ್ಞಾನ ಕೇಂದ್ರದಲ್ಲಿಯೂ ಕೇಳಬಹುದು.

ಮೊದಲನೆಯ ಸಲ ಸ್ವಂತ ಮನೆಯ ಹತ್ತು ಮೊಟ್ಟೆಗಳಿಂದಲೇ ಪರೀಕ್ಷೆ ಮಾಡಿರಿ. ದಿನಕ್ಕೆ ಮೂರು ಹೊತ್ತು ಶಾಖವನ್ನು ಪುಸ್ತಕದಲ್ಲಿ ಬರೆಯಿರಿ. ರಾತ್ರಿ ಪೆಟ್ಟಿಗೆಯನ್ನು ಯಾರು ನೋಡುವರೆಂಬುದನ್ನು ಮುಂಚೆಯೇ ಗೊತ್ತುಮಾಡಿರಿ. ಹತ್ತರಲ್ಲಿ ಏಳೆಂಟು ಮರಿಗಳು ಎದ್ದು ನಿಂತ ಮೇಲೆ ಮಾತ್ರ ನೆರೆಮನೆಯವಳ ಮೊಟ್ಟೆಗೆ ಕೈಚಾಚಿರಿ. ಅವಳು ಕೊಡುವ ಹನ್ನೆರಡು ಮೊಟ್ಟೆಗಳು ನಿಮಗೆ ಅಲ್ಪವಾಗಿ ಕಾಣಬಹುದು. ಅವಳಿಗೆ ಅದು ಮುಂದಿನ ಆರು ತಿಂಗಳ ಕೈಗಾಸು.