ಪಿಎಸ್‌ಐ ಆಮೇಲೆ, ಮೊದಲು ಆಂಪಿಯರ್ ನೋಡಿ

ತೀರ್ಥಹಳ್ಳಿ ದಾಟಿ ಆಗುಂಬೆ ಕಡೆ ಹೊರಟರೆ, ಕತ್ತಲಾದ ಮೇಲೆ ತೆರೆದಿರುವ ಪಂಕ್ಚರ್ ಅಂಗಡಿ ಸಿಗುವುದು ಅಪರೂಪ. ಜೋರು ಮಳೆಯ ದಿನ ಹಗಲಲ್ಲೂ ಅದೇ ಪಾಡು. ಬೆಂಗಳೂರಿನಿಂದ ಊರಿಗೆ ಬೈಕಿನಲ್ಲೇ ಓಡಾಡುವ ನನಗೆ ಟ್ಯೂಬ್‌ಲೆಸ್ ಟೈರು ಬಂದ ಮೇಲೆ ಅರ್ಧ ಚಿಂತೆ ಕಳೆಯಿತು. ಮೊಳೆ ಕಿತ್ತು ತೂತಿಗೆ ರಬ್ಬರ್ ಸ್ಟ್ರಿಪ್ ತುರುಕುವುದನ್ನು ಯಾರೂ ಕಲಿಯಬಹುದು. ಉಳಿದರ್ಧ ಚಿಂತೆ ಗಾಳಿಯದು. ಅದಕ್ಕೆಂದೇ ಬೈಕಿನ ಬ್ಯಾಟರಿಯಿಂದ ನಡೆಯುವ 12 ವೋಲ್ಟ್‌ನ ಪುಟ್ಟ ಪಂಪೊಂದನ್ನು ಜೊತೆಗಿಟ್ಟುಕೊಂಡೆ. ಅದರ ಸಹವಾಸದಲ್ಲಿ ಕಲಿತದ್ದರಲ್ಲಿ ಗಾಳಿಯ ಪಾಠ ಕಡಿಮೆ, ಕರೆಂಟಿನ ಪಾಠವೇ ಹೆಚ್ಚು.

ಪಂಪಿನ ಡಬ್ಬದ ಮೇಲೆ ದಪ್ಪಕ್ಷರದಲ್ಲಿ 150 ಪಿಎಸ್‌ಐ ಎಂದಿರುತ್ತದೆ. ನನ್ನ ಬೈಕಿಗೆ ಬೇಕಾದದ್ದು ಮುಂದೆ 25, ಹಿಂದೆ ಇಬ್ಬರು ಕೂತರೆ 32. ಹಾಗಾಗಿ ಆ 150 ನನಗೆ ಯಾವ ಕೆಲಸಕ್ಕೂ ಬಾರದ ಅಂಕಿ. ನೋಡಬೇಕಾದ ಅಂಕಿ ಡಬ್ಬದ ಮೂಲೆಯಲ್ಲಿ ಸಣ್ಣದಾಗಿ ಅಚ್ಚಾಗಿರುತ್ತದೆ: ಪಂಪು ಎಷ್ಟು ಆಂಪಿಯರ್ ಎಳೆಯುತ್ತದೆ? ಕಾರಿಗೆಂದು ಮಾಡಿದವು 15 ಆಂಪಿಯರ್‌ವರೆಗೂ ಎಳೆಯುತ್ತವೆ. ಬೈಕಿಗೆ 10ರೊಳಗಿನದು ಸಾಕು. ಟೈರು ತುಂಬಲು ಒಂದೆರಡು ನಿಮಿಷ ಹೆಚ್ಚು ಹಿಡಿಯುತ್ತದೆ, ಅಷ್ಟೇ. ಆ 10 ಆಂಪಿಯರ್ ಕೂಡ ಕಡಿಮೆಯೇನಲ್ಲ. 12 ವೋಲ್ಟಿಗೆ ಅದು 120 ವ್ಯಾಟ್. ಎರಡು ಹ್ಯಾಲೊಜೆನ್ ಹೆಡ್‌ಲೈಟ್ ಒಟ್ಟಿಗೆ ಉರಿಸಿದಷ್ಟು.

ಹ್ಯಾಂಡಲ್ ಬಳಿಯ ಮೊಬೈಲ್ ಚಾರ್ಜಿಂಗ್ ಸಾಕೆಟ್ಟಿಗೆ ಪಂಪು ಚುಚ್ಚಬಾರದು ಎನ್ನುವುದು ಇದೇ ಲೆಕ್ಕಕ್ಕೆ. ನನ್ನ ಬೈಕಿನಲ್ಲಿ ಆ ಲೈನಿಗಿರುವುದು 5 ಆಂಪಿಯರ್ ಫ್ಯೂಸು, ವೈರು ಕೂದಲೆಳೆಯಷ್ಟು ಸಪೂರ. ಪಂಪಿನ ಗುಂಡಿ ಒತ್ತಿದೊಡನೆ ಫ್ಯೂಸು ಹೋಗುತ್ತದೆ. ಕೆಲವು ಬೈಕುಗಳಲ್ಲಿ ಅದೇ ಫ್ಯೂಸಿಗೆ ಬೇರೆ ದೀಪಗಳನ್ನೂ ಕೊಟ್ಟಿರುವುದರಿಂದ ಗಾಳಿಯ ಜೊತೆಗೆ ಬೆಳಕೂ ಹೋದಂತೆ. ದೊಡ್ಡ ಫ್ಯೂಸು ಹಾಕಿದರಾಯಿತು ಎಂದು ಸಲಹೆ ಕೊಡುವವರಿದ್ದಾರೆ. ಆಗ ಫ್ಯೂಸು ಉಳಿದು ವೈರು ಸುಡುತ್ತದೆ.

ಸರಿಯಾದ ದಾರಿ ಬ್ಯಾಟರಿಯಿಂದಲೇ ಬೇರೆ ಲೈನು ಎಳೆಯುವುದು. ಪಂಪಿನ ಜೊತೆ ಬರುವ ಕ್ಲಿಪ್ಪುಗಳನ್ನು ಟರ್ಮಿನಲ್ಲಿಗೆ ಕಚ್ಚಿಸಿಯೂ ನಡೆಸಬಹುದು, ಆದರೆ ಪ್ರತಿ ಸಲ ಸೀಟು ಬಿಚ್ಚಬೇಕು. ಮಳೆಯಲ್ಲಿ ಟಾರ್ಚು ಬಾಯಲ್ಲಿಟ್ಟುಕೊಂಡು ಕ್ಲಿಪ್ಪು ಹಿಡಿಯುವಾಗ ಅದು ಜಾರಿ ಚಾಸಿಗೆ ತಾಗಿದರೆ ಕಿಡಿ ಹಾರುತ್ತದೆ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಎಸ್‌ಎಇ ಎಂಬ ಎರಡು ಪಿನ್ನಿನ ಕನೆಕ್ಟರ್ ಕೊಂಡು, ಪರಿಚಯದ ಆಟೊ ಎಲೆಕ್ಟ್ರಿಷಿಯನ್ ಹತ್ತಿರ ಹಾಕಿಸಿದೆ. ಅದರ ತುದಿ ಸೀಟಿನ ಪಕ್ಕದಲ್ಲಿ ರಬ್ಬರ್ ಟೋಪಿ ಹಾಕಿಕೊಂಡು ಕೂತಿರುತ್ತದೆ. ಫ್ಯೂಸನ್ನು ಕೈಗೆ ಸಿಗುವಂತೆ ಕನೆಕ್ಟರ್ ಕಡೆಗೇ ಇಡಬಹುದಲ್ಲ ಎಂದು ಕೇಳಿದ್ದಕ್ಕೆ ಅವರು ಕೊಟ್ಟ ಉತ್ತರ ಮರೆತಿಲ್ಲ: “ಸಾರ್, ಫ್ಯೂಸ್ ಬ್ಯಾಟರಿ ಮಗ್ಗುಲಲ್ಲೇ ಇರ್ಬೇಕು. ಆ ತುದೀಲಿ ಇಟ್ರೆ ಮಧ್ಯದ ವೈರು ಎಲ್ಲಾದ್ರೂ ಉಜ್ಜಿ ಶಾರ್ಟ್ ಆದಾಗ ಯಾರು ಕಾಯ್ತಾರೆ?”

10 ಆಂಪಿಯರ್ ಪಂಪಿಗೆ 15 ಆಂಪಿಯರ್‌ನ ನೀಲಿ ಫ್ಯೂಸು ಹೊಂದುತ್ತದೆ. ಮೋಟಾರು ಶುರುವಾಗುವ ಕ್ಷಣದಲ್ಲಿ ಹೆಚ್ಚು ಎಳೆಯುವುದರಿಂದ, ಅದರಲ್ಲೂ ಅರ್ಧ ಗಾಳಿಯಿರುವ ಟೈರಿಗೆ ಜೋಡಿಸಿದಾಗ, 10ರ ಕೆಂಪು ಫ್ಯೂಸು ಹೋಗಿಬಿಡಬಹುದು. ವೈರಿನ ದಪ್ಪವೂ ಮುಖ್ಯ. ಒಂದೂವರೆ ಮೀಟರ್ ದೂರಕ್ಕೆ 0.5 ಚದರ ಮಿ.ಮೀ. ವೈರು ಹಾಕಿದರೆ ಹೋಗಿ ಬರುವ ದಾರಿಯಲ್ಲೇ ಒಂದು ವೋಲ್ಟಿಗಿಂತ ಹೆಚ್ಚು ಸೋರಿ, ವೈರು ಬಿಸಿಯಾಗಿ, ಪಂಪು ಮುಲುಕುತ್ತದೆ. 2.5 ಚದರ ಮಿ.ಮೀ. ತಾಮ್ರದ ವೈರಿನಲ್ಲಿ ಆ ನಷ್ಟ ಕಾಲು ವೋಲ್ಟೂ ಇಲ್ಲ.

ಎಸ್‌ಎಇ ಕನೆಕ್ಟರಿನಲ್ಲಿ ಒಂದು ಪಿನ್ನು ರಬ್ಬರಿನೊಳಗೆ ಮುಚ್ಚಿರುತ್ತದೆ, ಇನ್ನೊಂದು ಹೊರಗೆ ಕಾಣುತ್ತದೆ. ಬ್ಯಾಟರಿ ಕಡೆಯ ತುಂಡಿನಲ್ಲಿ ಪಾಸಿಟಿವ್ ಯಾವಾಗಲೂ ಮುಚ್ಚಿದ್ದರಲ್ಲೇ ಬರಬೇಕು. ತಿರುಗುಮುರುಗಾದರೆ ಬರಿಯ ಪಿನ್ನು ಚಾಸಿಗೆ ತಾಗಿದ ಕೂಡಲೇ ಶಾರ್ಟ್. ಪಂಪಿನ ಕಡೆಯ ತುಂಡನ್ನು ಬೇರೆ ಕಂಪನಿಯವರು ಬೇರೆ ರೀತಿ ಜೋಡಿಸಿರಬಹುದು. ಡಿಜಿಟಲ್ ಮೀಟರಿನ ಪಂಪಾದರೆ ಉಲ್ಟಾ ಕರೆಂಟಿಗೆ ಅದರ ಸರ್ಕಿಟ್ ಸಾಯಬಹುದು. ಆದ್ದರಿಂದ ಜೋಡಿಸುವ ಮುನ್ನ ಮಲ್ಟಿಮೀಟರ್ ಹಿಡಿದು ನೋಡಬೇಕು. ಲೈನು ಹಾಕುವಾಗ ನೆಗೆಟಿವ್ ಮೊದಲು ಬಿಚ್ಚಿ ಕೊನೆಗೆ ಕಟ್ಟಬೇಕು. ಆಗ ಸ್ಪ್ಯಾನರ್ ಚಾಸಿಗೆ ತಾಗಿದರೂ ಅಪಾಯವಿಲ್ಲ.

ಗಾಳಿ ಹಾಕುವಾಗ ಎಂಜಿನ್ ಓಡಬೇಕೇ, ನಿಲ್ಲಬೇಕೇ? ಸವಾರರು ಸೇರಿದಲ್ಲೆಲ್ಲ ಈ ಜಗಳ ಇದ್ದದ್ದೇ. ಉತ್ತರ ಬ್ಯಾಟರಿಯ ಗಾತ್ರದಲ್ಲಿದೆ. 10 ಆಂಪಿಯರ್ ಪಂಪು ಐದು ನಿಮಿಷ ಓಡಿದರೆ ಸುಮಾರು 0.8 ಆಂಪಿಯರ್-ಅವರ್ ಖರ್ಚು. ನನ್ನ 350 ಸಿಸಿ ಬೈಕಿನ 8 ಆಂಪಿಯರ್-ಅವರ್ ಬ್ಯಾಟರಿಗೆ ಅದು ಹತ್ತರಲ್ಲೊಂದು ಪಾಲು. 100 ಸಿಸಿ ಬೈಕಿನ 3 ಆಂಪಿಯರ್-ಅವರ್ ಬ್ಯಾಟರಿಗೆ ಕಾಲು ಭಾಗಕ್ಕೂ ಹೆಚ್ಚು. ಹಳೆಯ ಬ್ಯಾಟರಿಯಾದರೆ ಆಮೇಲೆ ಸೆಲ್ಫ್ ಹೊಡೆಯದೆ ಇರಬಹುದು. ಕಾರ್ಬ್ಯುರೇಟರ್ ಬೈಕನ್ನು ಕಿಕ್ ಹೊಡೆದೋ ತಳ್ಳಿಯೋ ಎಬ್ಬಿಸಬಹುದಿತ್ತು. ಈಗಿನ ಫ್ಯುಯೆಲ್ ಇಂಜೆಕ್ಷನ್ ಬೈಕಿಗೆ ಪೆಟ್ರೋಲ್ ಪಂಪು ತಿರುಗಲೂ ಕರೆಂಟು ಬೇಕು; ಬ್ಯಾಟರಿ ಪೂರ್ತಿ ಮಲಗಿದರೆ ತಳ್ಳಿಯೂ ಫಲವಿಲ್ಲ.

ಹಾಗಾಗಿ ನಾನು ಎಂಜಿನ್ ಓಡಿಸಿಯೇ ಗಾಳಿ ಹಾಕುತ್ತೇನೆ, ಬಯಲಿನಲ್ಲಿ ಮಾತ್ರ. ಮುಚ್ಚಿದ ಗ್ಯಾರೇಜಿನಲ್ಲಿ ಹೊಗೆ ಪ್ರಾಣಕ್ಕೇ ಅಪಾಯ. ಬರೀ ಐಡ್ಲಿಂಗ್ ಸಾಲದು. 2017ರ ಏಪ್ರಿಲ್‌ನಿಂದ ಬಂದ ಬೈಕುಗಳಲ್ಲಿ ಎಂಜಿನ್ ಓಡುವಷ್ಟು ಹೊತ್ತೂ ಹೆಡ್‌ಲೈಟ್ ಉರಿಯುತ್ತದೆ. ಐಡ್ಲಿಂಗಿನಲ್ಲಿ ಹುಟ್ಟುವ ಕರೆಂಟಿನಲ್ಲಿ ದೊಡ್ಡ ಪಾಲು ಅದಕ್ಕೇ ಹೋಗುತ್ತದೆ. ನ್ಯೂಟ್ರಲ್‌ನಲ್ಲಿಟ್ಟು ಆಕ್ಸಿಲರೇಟರ್ ಸ್ವಲ್ಪ ಎತ್ತಿ ಹಿಡಿದರೆ ಬ್ಯಾಟರಿಯ ಮೇಲಿನ ಭಾರ ಇಳಿಯುತ್ತದೆ.

ಪಂಪು ಬಿಸಿಯಾಗುತ್ತದೆ, ಅದರ ಪೈಪಿನ ತುದಿಯ ಹಿತ್ತಾಳೆ ಇನ್ನೂ ಬಿಸಿ; ವಾಲ್ವಿನಿಂದ ಬಿಚ್ಚುವಾಗ ಬಟ್ಟೆ ಬೇಕು. ಎಂಟು ಹತ್ತು ನಿಮಿಷಕ್ಕಿಂತ ಹೆಚ್ಚು ಹೊತ್ತು ಒಂದೇ ಸಮನೆ ಓಡಿಸದೆ ಆರಲು ಬಿಡಬೇಕು. ತಿರುಪಿನ ತುದಿಯಾದರೆ ಬಿಚ್ಚುವಾಗ ಒಂದೆರಡು ಪಿಎಸ್‌ಐ ಸೋರುವುದರಿಂದ ಅಷ್ಟು ಹೆಚ್ಚೇ ತುಂಬಬೇಕು. ನಿಧಾನವಾಗಿ ಸೋರುತ್ತಿರುವ ಟೈರಿನಿಂದ ಕತ್ತಲಲ್ಲಿ ಮೊಳೆ ಕೀಳಲೇ ಹೋಗುವುದಿಲ್ಲ. ಗಾಳಿ ತುಂಬಿಸಿ, ನಡುನಡುವೆ ನಿಲ್ಲಿಸಿ ನೋಡುತ್ತಾ ಮುಂದಿನ ಊರು ಸೇರುವುದೇ ಜಾಣತನ.

ಈಗ ಒಳಗೇ ಬ್ಯಾಟರಿಯಿರುವ ಪಂಪುಗಳೂ ಬಂದಿವೆ, ಅವಕ್ಕೆ ವೈರಿನ ರಗಳೆಯಿಲ್ಲ. ಆದರೆ ತಿಂಗಳುಗಟ್ಟಲೆ ಬ್ಯಾಗಿನಲ್ಲಿ ಮಲಗಿದ್ದಕ್ಕೆ ಚಾರ್ಜು ಹಾಕಿಡುವ ನೆನಪು ಬೇಕು. ಬೈಕಿನ ಬ್ಯಾಟರಿಯಾದರೋ ಓಡಿದಾಗಲೆಲ್ಲ ತಾನೇ ತುಂಬಿಕೊಳ್ಳುತ್ತದೆ. ಅದಕ್ಕೇ ನನ್ನ ಮತ ವೈರಿನ ಪಂಪಿಗೆ.

ನೀವೂ ಹಾಕಿಸುವುದಾದರೆ, ಊರು ಬಿಡುವ ಮೊದಲು ಮನೆಯ ಮುಂದೆಯೇ ಹಿಂದಿನ ಟೈರಿನ ಗಾಳಿ 10 ಪಿಎಸ್‌ಐಗೆ ಇಳಿಸಿ, ಪಂಪಿನಿಂದಲೇ ತುಂಬಿಸಿ ನೋಡಿ. ವೈರನ್ನು ಕೈಯಿಂದ ಮುಟ್ಟಿ, ಬಿಸಿಯಾಗಿದೆಯೇ ಪರೀಕ್ಷಿಸಿ. ಪಂಪಿನ ವೈರು ಮುಂದಿನ ಚಕ್ರದವರೆಗೂ ಎಟಕುತ್ತದೆಯೇ ಅಳೆಯಿರಿ. ಕೊನೆಗೆ ಎಂಜಿನ್ ಆರಿಸಿ ಸೆಲ್ಫ್ ಒತ್ತಿ. ಒಂದೇ ಒತ್ತಿಗೆ ಸ್ಟಾರ್ಟ್ ಆದರೆ ನಿಮ್ಮ ಪಂಪು ಘಟ್ಟದ ರಸ್ತೆಗೆ ತಯಾರು.